ಚಿನ್ನದ ಚೆಂಡಿನೊಡನೆ ಟ್ರಾಮ್ ಹತ್ತಿದ ಮಾಸೊಪುಸ್ಟ್

ಅದು 1963ರ ಮಾರ್ಚ್ ತಿಂಗಳು. ಪ್ರಾಗ್ ನಗರದಲ್ಲಿ ಸ್ಥಳೀಯ ಡುಕ್ಲಾ ಹಾಗೂ ಪೋರ್ಚುಗಲ್‌ನ ಬೆನ್‌ಫಿಕಾ ತಂಡಗಳ ನಡುವೆ ಯುರೋಪಿಯನ್ ಕಪ್ ಕ್ವಾರ್ಟರ್ ಫೈನಲ್ ಪಂದ್ಯ. ಆಟಕ್ಕೆ ಮುನ್ನ, ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಚಿನ್ನದ ಚೆಂಡನ್ನು ಡುಕ್ಲಾದ ಮಿಡ್‌ಫೀಲ್ಡರ್ ಒಬ್ಬರ ಕೈಗೆ ನೀಡಲಾಯಿತು. ಆಯ್ಕೆಯಲ್ಲಿ ಎರಡನೇ ಸ್ಥಾನ ಪಡೆದಿದ್ದ ಯೂಸೆಬಿಯೊ ಎದುರಾಳಿ ತಂಡದಲ್ಲೇ ಇದ್ದರು. ಅವರು ಕೈ ಕುಲುಕಿ ಅಭಿನಂದಿಸಿದರು. ಭಾಷಣವಿಲ್ಲ, ಔತಣವಿಲ್ಲ. ಪ್ರಶಸ್ತಿಯನ್ನು ಆಟದ ಚೀಲಕ್ಕೆ ಹಾಕಿಕೊಂಡು ಟ್ರಾಮ್ ಹತ್ತಿ ಮನೆ ಸೇರಿದ್ದಾಗಿ ಆ ಆಟಗಾರ ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಅವರೇ ಯೋಸೆಫ್ ಮಾಸೊಪುಸ್ಟ್. ಪೂರ್ವ ಯುರೋಪಿನ ಕಮ್ಯುನಿಸ್ಟ್ ರಾಷ್ಟ್ರಗಳಿಂದ ಆ ಗೌರವಕ್ಕೆ ಪಾತ್ರರಾದ ಮೊದಲಿಗರು.

ಮಾಸೊಪುಸ್ಟ್ ಎಂದರೆ ಚೆಕ್ ಭಾಷೆಯಲ್ಲಿ ಕ್ರೈಸ್ತರ ಉಪವಾಸದ ದಿನಗಳಿಗೆ ಮುನ್ನ ನಡೆಯುವ ಹಬ್ಬ. ವೇಷ, ಕುಣಿತ, ಊಟೋಪಚಾರಗಳ ಸಡಗರ. ಹೆಸರಿಗೂ ಮನುಷ್ಯನಿಗೂ ಇಷ್ಟು ಅಂತರವಿರುವುದು ಅಪರೂಪವೇ ಸರಿ. 1931ರ ಫೆಬ್ರುವರಿ 9ರಂದು ಉತ್ತರ ಬೊಹೆಮಿಯಾದ ಮೋಸ್ಟ್ ಪಟ್ಟಣದ ಬಳಿಯ ಸ್ಟ್ರಿಮಿತ್ಸೆ ಎಂಬ ಹಳ್ಳಿಯಲ್ಲಿ, ಗಣಿ ಕಾರ್ಮಿಕರ ಕುಟುಂಬವೊಂದರಲ್ಲಿ ಅವರು ಜನಿಸಿದರು. ಆ ಹಳ್ಳಿ ಇಂದು ಇಲ್ಲ. ಕಲ್ಲಿದ್ದಲು ಗಣಿಗಾರಿಕೆ ಅದನ್ನು ನುಂಗಿಹಾಕಿತು.

ಮೋಸ್ಟ್ ಮತ್ತು ಟೆಪ್ಲಿತ್ಸೆ ತಂಡಗಳಲ್ಲಿ ಆಡಿ ಗಮನ ಸೆಳೆದ ಯುವಕ 1952ರಲ್ಲಿ ಪ್ರಾಗ್‌ನ ಸೇನಾ ತಂಡವನ್ನು ಸೇರಿದರು. ಅದೇ ಮುಂದೆ ಡುಕ್ಲಾ ಎಂದು ಹೆಸರಾಯಿತು. ಕಡ್ಡಾಯ ಸೇನಾ ಸೇವೆಯ ನೆಪದಲ್ಲಿ ದೇಶದ ಉತ್ತಮ ಆಟಗಾರರನ್ನೆಲ್ಲ ಸೆಳೆದುಕೊಳ್ಳುವ ಅವಕಾಶ ಆ ಕ್ಲಬ್ಬಿಗಿತ್ತು. ಹಾಗಾಗಿ ಗೆಲುವುಗಳು ಎಷ್ಟು ಬಂದರೂ ಜನಸಾಮಾನ್ಯರ ಪ್ರೀತಿ ಅದಕ್ಕೆ ಅಷ್ಟಾಗಿ ದಕ್ಕಲಿಲ್ಲ. ಮಾಸೊಪುಸ್ಟ್ ಈ ತಂಡದೊಂದಿಗೆ 1953ರಿಂದ 1966ರವರೆಗೆ ಎಂಟು ಬಾರಿ ಲೀಗ್ ಪ್ರಶಸ್ತಿ ಗೆದ್ದರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡವರಂತೆ ಎದುರಾಳಿಗಳ ನಡುವೆ ಎಡಕ್ಕೂ ಬಲಕ್ಕೂ ಓಲಾಡುತ್ತ ನುಗ್ಗುವ ಅವರ ಓಟಕ್ಕೆ, ಹಿಮದ ಇಳಿಜಾರಿನ ಸ್ಕೀಯಿಂಗ್ ನೆನಪಿಸುವ ಸ್ಲಾಲಮ್ ಎಂಬ ಹೆಸರೇ ಅಂಟಿಕೊಂಡಿತು.

ಆದರೆ ಜಗತ್ತು ಅವರನ್ನು ಗುರುತಿಸಿದ್ದು 1962ರ ಚಿಲಿ ವಿಶ್ವಕಪ್‌ನಲ್ಲಿ. ಜೂನ್ 2ರಂದು ವಿನ್ಯಾ ಡೆಲ್ ಮಾರ್‌ನಲ್ಲಿ ನಡೆದ ಲೀಗ್ ಪಂದ್ಯದಲ್ಲಿ ಚೆಕೊಸ್ಲೊವಾಕಿಯಾ ಎದುರು ಆಡುತ್ತಿದ್ದ ಬ್ರೆಜಿಲ್‌ನ ಪೆಲೆ ತೊಡೆಸಂದಿನ ಸ್ನಾಯು ಸೆಳೆತಕ್ಕೆ ಸಿಲುಕಿದರು. ಬದಲಿ ಆಟಗಾರರಿಗೆ ಅವಕಾಶವಿಲ್ಲದ ಕಾಲವದು. ಪೆಲೆ ಕುಂಟುತ್ತಲೇ ಅಂಗಣದ ಅಂಚಿನಲ್ಲಿ ಉಳಿದರು. ಒಂದು ಗಟ್ಟಿ ಟ್ಯಾಕ್ಲ್ ಸಾಕಿತ್ತು, ಅವರನ್ನು ಪೂರ್ತಿ ಹೊರಗಟ್ಟಲು. ಚೆಂಡು ಪೆಲೆಯ ಬಳಿ ಬಂದಾಗಲೆಲ್ಲ ಮಾಸೊಪುಸ್ಟ್ ಹಿಂದೆ ನಿಂತರು. ಮೇಲೆರಗದೆ, ಚೆಂಡನ್ನು ಬಿಟ್ಟುಕೊಡಲು ಸಮಯ ನೀಡಿದರು. ಜೊತೆಗಾರರಾದ ಪೊಪ್ಲುಹಾರ್ ಮತ್ತು ಲಾಲಾ ಕೂಡ ಹಾಗೆಯೇ ನಡೆದುಕೊಂಡರು. ಪಂದ್ಯ ಗೋಲಿಲ್ಲದೆ ಮುಗಿಯಿತು. ವಿಶ್ವಕಪ್‌ನಲ್ಲಿ ಒಂದು ಪಾಯಿಂಟ್‌ಗೆ ಎಷ್ಟು ಬೆಲೆಯೆಂದು ಬಲ್ಲವರಿಗೆ ಇದು ಸಣ್ಣ ಸಂಗತಿಯೆನಿಸದು. ಪೆಲೆ ಅದನ್ನು ಕೊನೆಯವರೆಗೂ ಕೃತಜ್ಞತೆಯಿಂದ ಸ್ಮರಿಸಿದರು.

ಹಂಗರಿ, ಯುಗೊಸ್ಲಾವಿಯಾ ತಂಡಗಳನ್ನು ಮಣಿಸಿ ಚೆಕೊಸ್ಲೊವಾಕಿಯಾ ಫೈನಲ್ ತಲುಪಿತು. ಜೂನ್ 17ರಂದು ಸ್ಯಾಂಟಿಯಾಗೊದಲ್ಲಿ ಮತ್ತೆ ಬ್ರೆಜಿಲ್ ಎದುರಾಯಿತು. ಈ ಬಾರಿ ಪೆಲೆ ಇರಲಿಲ್ಲ. 15ನೇ ನಿಮಿಷದಲ್ಲಿ ಶೆರರ್ ನೀಡಿದ ಪಾಸ್ ಹಿಡಿದು ರಕ್ಷಣಾ ಸಾಲನ್ನು ಸೀಳಿ ಒಳನುಗ್ಗಿದ ಮಾಸೊಪುಸ್ಟ್, ಗೋಲ್‌ಕೀಪರ್ ಗಿಲ್ಮಾರ್ ಅವರನ್ನು ವಂಚಿಸಿ ಮೊದಲ ಗೋಲು ಹೊಡೆದರು. ಆ ಸಂತಸ ಎರಡು ನಿಮಿಷವಷ್ಟೇ. ಅಮಾರಿಲ್ಡೊ ಸಮ ಮಾಡಿದರು. ದ್ವಿತೀಯಾರ್ಧದಲ್ಲಿ ಜಿಟೊ ಮತ್ತು ವಾವಾ ಗೋಲು ಸೇರಿಸಿದರು. ಟೂರ್ನಿಯುದ್ದಕ್ಕೂ ತಂಡವನ್ನು ಕಾಪಾಡಿದ್ದ ಗೋಲ್‌ಕೀಪರ್ ಶ್ರೊಯ್ಫ್ ಅಂದು ಎಡವಿದ್ದು ವಿಧಿಯಾಟವೆನ್ನಬೇಕು. 3–1ರಿಂದ ಬ್ರೆಜಿಲ್ ಕಪ್ ಎತ್ತಿತು. ಸೋತ ತಂಡದ ಮಿಡ್‌ಫೀಲ್ಡರ್‌ಗೆ ಆ ವರ್ಷಾಂತ್ಯದಲ್ಲಿ ಚಿನ್ನದ ಚೆಂಡು ಒಲಿಯಿತು.

ಇಂಥ ಆಟಗಾರ ಪಶ್ಚಿಮ ಯುರೋಪಿನಲ್ಲಿ ಜನಿಸಿದ್ದರೆ ದೊಡ್ಡ ಕ್ಲಬ್‌ಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಕಮ್ಯುನಿಸ್ಟ್ ಆಡಳಿತದಲ್ಲಿ, ಅದೂ ಸೇನಾ ತಂಡದಲ್ಲಿದ್ದವರಿಗೆ, ತಮ್ಮಿಷ್ಟದಂತೆ ವಿದೇಶಕ್ಕೆ ತೆರಳುವ ಸ್ವಾತಂತ್ರ್ಯವಿರಲಿಲ್ಲ. 1967ರಲ್ಲಿ, 36ರ ಹರೆಯದಲ್ಲಿ, ಅವರು ಡುಕ್ಲಾವನ್ನು ಯುರೋಪಿಯನ್ ಕಪ್ ಸೆಮಿಫೈನಲ್‌ವರೆಗೆ ಒಯ್ದರು. ಅಲ್ಲಿ ಗೆದ್ದ ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡವೇ ಕಪ್ಪನ್ನೂ ಗೆದ್ದಿತು. ಅನುಮತಿ ದೊರೆತದ್ದು 1968ರಲ್ಲಿ, ಕಾಲುಗಳು ದಣಿದ ಮೇಲೆ. ಬೆಲ್ಜಿಯಂನ ಕ್ರಾಸಿಂಗ್ ಮೊಲೆನ್‌ಬೆಕ್ ಎಂಬ ಸಾಧಾರಣ ಕ್ಲಬ್ಬಿನಲ್ಲಿ ಆಟಗಾರರೂ ತರಬೇತುದಾರರೂ ಆಗಿ ಎರಡು ವರ್ಷ ಕಳೆದರು. ರಾಷ್ಟ್ರೀಯ ತಂಡಕ್ಕಾಗಿ ಆಡಿದ 63 ಪಂದ್ಯಗಳ ಅಧ್ಯಾಯ 1966ರಲ್ಲೇ ಮುಗಿದಿತ್ತು.

ತಾಯ್ನಾಡಿಗೆ ಮರಳಿ ಡುಕ್ಲಾದ ತರಬೇತುದಾರರಾದರೂ ಅವರಿಗೆ ನಿಜವಾದ ಯಶಸ್ಸು ದೊರೆತದ್ದು ಬ್ರನೋ ನಗರದಲ್ಲಿ. ಶಸ್ತ್ರಾಸ್ತ್ರ ಕಾರ್ಖಾನೆಯ ಹೆಸರು ಹೊತ್ತ ಜ್ಬ್ರೊಯೊವ್ಕಾ ತಂಡವನ್ನು 1976ರಲ್ಲಿ ವಹಿಸಿಕೊಂಡು, ಎರಡೇ ವರ್ಷಗಳಲ್ಲಿ, 1978ರಲ್ಲಿ, ಲೀಗ್ ಚಾಂಪಿಯನ್ ಪಟ್ಟಕ್ಕೇರಿಸಿದರು. ಪ್ರಾಗ್‌ನ ಬಲಾಢ್ಯರ ನೆರಳಿನಲ್ಲಿದ್ದ ಊರಿಗೆ ಅದು ಮರೆಯಲಾಗದ ಸಂಭ್ರಮ. 1984ರಿಂದ 1987ರವರೆಗೆ ರಾಷ್ಟ್ರೀಯ ತಂಡದ ಹೊಣೆ ಹೊತ್ತಾಗ ಮಾತ್ರ ಅದೃಷ್ಟ ಕೈಕೊಟ್ಟಿತು. 1986ರ ವಿಶ್ವಕಪ್‌ಗೂ 1988ರ ಯುರೋಪಿಯನ್ ಚಾಂಪಿಯನ್‌ಷಿಪ್‌ಗೂ ತಂಡ ಅರ್ಹತೆ ಗಳಿಸಲಿಲ್ಲ. ಬಳಿಕ ಇಂಡೊನೇಷ್ಯಾದಲ್ಲೂ ಕೆಲಕಾಲ ತರಬೇತಿ ನೀಡಿದರು.

ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ ಸೇನೆಯ ಆಸರೆ ತಪ್ಪಿದ ಡುಕ್ಲಾ ದಿಕ್ಕೆಟ್ಟಿತು. 1996ರಲ್ಲಿ ಬೇರೊಂದು ಊರಿನ ತಂಡದೊಡನೆ ವಿಲೀನವಾಗಿ ಪ್ರಾಗ್‌ನಿಂದಲೇ ಕಣ್ಮರೆಯಾಯಿತು. ಕೆಳಹಂತದಿಂದ ಮತ್ತೆ ಕಟ್ಟಿದ ತಂಡ 2011ರಲ್ಲಿ ಅಗ್ರ ಲೀಗ್‌ಗೆ ಮರಳಿದ್ದನ್ನು ಮಾಸೊಪುಸ್ಟ್ ಕಣ್ಣಾರೆ ಕಂಡರು. ಮರುವರ್ಷ ಯುಲಿಸ್ಕಾ ಕ್ರೀಡಾಂಗಣದ ಬಳಿ ಅವರ ಪ್ರತಿಮೆ ನಿಂತಿತು. 2015ರ ಜೂನ್ 29ರಂದು ಪ್ರಾಗ್‌ನಲ್ಲಿ ನಿಧನರಾದಾಗ ಅವರಿಗೆ 84 ವರ್ಷ. ಚಿನ್ನದ ಚೆಂಡು ಮತ್ತೊಬ್ಬ ಚೆಕ್ ಆಟಗಾರ, ಪಾವೆಲ್ ನೆಡ್ವೆಡ್ ಅವರಿಗೆ ಒಲಿದದ್ದು 2003ರಲ್ಲಿ, 41 ವರ್ಷಗಳ ನಂತರ. ಅವರೂ ಮಿಡ್‌ಫೀಲ್ಡರ್, ಆ ವೇಳೆಗೆ ಇಟಲಿಯ ಯುವೆಂಟಸ್ ಪರ ಆಡುತ್ತಿದ್ದರು.