ಹರ್ಮನ್ ಮೋಗ್ಲಿಂಗರೂ ಕಾಲಜ್ಞಾನದ ಲೆಕ್ಕವೂ

ಕನ್ನಡದ ಮೊಟ್ಟಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದವರು ಯಾರೆಂದು ಕೇಳಿದರೆ ನಮ್ಮ ಕಾಲೇಜಿನ ಪ್ರಥಮ ವರ್ಷದ ವಿದ್ಯಾರ್ಥಿಯೂ ಹರ್ಮನ್ ಮೋಗ್ಲಿಂಗರ ಹೆಸರನ್ನು ತಟ್ಟನೆ ಹೇಳಿಬಿಡುತ್ತಾನೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಮಹನೀಯರು ಹುಟ್ಟಿ ಬೆಳೆದ ನಾಡಿನಲ್ಲಿ, ಇಂಥ ವರ್ಷ, ಇಂಥ ತಿಂಗಳು, ಇಂಥ ದಿನ ಈ ಲೋಕದ ಗತಿ ಮಾರ್ಪಡುವುದೆಂದು ಅಂಕಿ ಹಾಕಿ ಜನರು ಕಾದುಕೊಂಡಿದ್ದರೆಂಬುದೂ, ಆ ದಿನ ಬಂದು ಬರಿದೆ ಕಳೆದುಹೋದ ವರ್ಷವೇ ಅವರು ಕನ್ನಡನಾಡಿನಲ್ಲಿ ಕಾಲಿಟ್ಟರೆಂಬುದೂ ನಮ್ಮಲ್ಲಿ ಬಹು ಜನಕ್ಕೆ ತಿಳಿದಂತಿಲ್ಲ. ಅವರ ಜೀವನವನ್ನು ಆ ದಿಕ್ಕಿನಿಂದ ನೋಡಬೇಕೆಂಬುದೇ ಈ ಬರೆಹದ ಉದ್ದೇಶ.

ಮೋಗ್ಲಿಂಗರು 1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ದ್ರಾಕ್ಷಿ ತೋಟಗಳ ನಾಡು ಅದು. ಅಲ್ಲಿಯ ಕ್ರೈಸ್ತರಲ್ಲಿ ಭಕ್ತಿಪಂಥದವರ ಪ್ರಭಾವ ಬಹಳ. ನಮ್ಮ ಕಡೆಯ ಭಜನೆಯ ಮನೆಗಳಂತೆ ಅವರು ಮನೆಮನೆಗಳಲ್ಲಿ ಕೂಡಿ ಬೈಬಲ್ ಓದುವರು, ಹಾಡುವರು, ಪ್ರಾರ್ಥಿಸುವರು. ಈ ಪಂಥದವರು ಗುರುವೆಂದು ಗೌರವಿಸುತ್ತಿದ್ದವರಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಮುಖ್ಯರು. ಮೋಗ್ಲಿಂಗರು ಹುಟ್ಟುವ ವೇಳೆಗೆ ಬೆಂಗೆಲ್ ತೀರಿಕೊಂಡು ಐವತ್ತೊಂಬತ್ತು ವರ್ಷಗಳಾಗಿದ್ದುವು. ಆದರೆ ಅವರ ಲೆಕ್ಕ ಮಾತ್ರ ತೀರಿರಲಿಲ್ಲ.

ಏನು ಆ ಲೆಕ್ಕ? ಬೈಬಲಿನ ಕಡೆಯ ಗ್ರಂಥವಾದ ಪ್ರಕಟನೆಯಲ್ಲಿ ಒಂದು ಘೋರ ಮೃಗದ ವರ್ಣನೆಯುಂಟು. ಅದರ ಅಂಕಿ 666. ಅದರ ಆಳ್ವಿಕೆಯ ಅವಧಿ 42 ತಿಂಗಳು. ಆ ಅಂಕಿಯನ್ನು ವರ್ಷಗಳೆಂದು ಹಿಡಿದು, 666 ವರ್ಷಗಳೂ 42 ತಿಂಗಳುಗಳೂ ಒಂದೇ ಕಾಲಮಾನವೆಂದು ಬೆಂಗೆಲ್ ನಿರ್ಣಯಿಸಿದರು. ಹಾಗೆಂದಮೇಲೆ ಪ್ರವಾದನೆಯ ಒಂದು ತಿಂಗಳೆಂದರೆ ನಮ್ಮ ಹದಿನೈದು ವರ್ಷ, ಮೇಲೆ ಏಳರಲ್ಲಿ ಆರು ಪಾಲು. ಈ ಅಳತೆಗೋಲನ್ನು ಹಿಡಿದು ಇತಿಹಾಸವನ್ನೆಲ್ಲ ಅಳೆಯುತ್ತ ಬಂದು, ಮೃಗದ ಪತನವೂ ಧರ್ಮರಾಜ್ಯದ ಉದಯವೂ 1836ನೆಯ ಇಸವಿ ಜೂನ್ 18ರಂದು ಎಂದು ಅವರು ತೀರ್ಮಾನಕ್ಕೆ ಬಂದರು. ಇದನ್ನು ಅವರು ತಮ್ಮ ಗ್ರಂಥದಲ್ಲಿ ಪ್ರಕಟಿಸಿದ್ದು 1740ರಲ್ಲಿ. ಬೆಂಗೆಲ್ ಪಾಮರರೇನಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳನ್ನು ಒಂದರೊಡನೊಂದು ಹೋಲಿಸಿ ಪಾಠಶೋಧನೆಗೆ ಶಾಸ್ತ್ರದ ನೆಲೆಯನ್ನು ಕೊಟ್ಟ ಘನ ವಿದ್ವಾಂಸರು. ಇಂದಿಗೂ ಆ ವಿಷಯದಲ್ಲಿ ಅವರ ಹೆಸರಿಗೆ ಮರ್ಯಾದೆಯುಂಟು. ಗುರುತ್ವಾಕರ್ಷಣೆಯ ನಿಯಮವನ್ನು ಕಂಡ ನ್ಯೂಟನ್ನರೇ ದಾನಿಯೇಲನ ಪ್ರವಾದನೆಗಳ ಮೇಲೆ ಒಂದು ಗ್ರಂಥ ಬರೆದಿದ್ದು, ಅದು ಅವರ ಮರಣಾನಂತರ 1733ರಲ್ಲಿ ಅಚ್ಚಾಯಿತೆಂದಮೇಲೆ, ಇಂಥ ಲೆಕ್ಕ ಮೂಢರ ಕೆಲಸವೆಂದು ನಗುವಂತಿಲ್ಲ. ಬುದ್ಧಿ ಹೆಚ್ಚಾದವರಿಗೇ ಈ ಮೋಹ ಹೆಚ್ಚೋ ಏನೋ!

ಒಂದು ಮಾತನ್ನು ಬೆಂಗೆಲ್ಲರ ಪರವಾಗಿ ಹೇಳಬೇಕು. 1836 ಯಾವ ವಿಶೇಷವೂ ಇಲ್ಲದೆ ಕಳೆದುಹೋದರೆ ತನ್ನ ಪದ್ಧತಿಯಲ್ಲಿ ಎಲ್ಲೋ ದೊಡ್ಡ ದೋಷವಿರುವುದೆಂದು ತಿಳಿದು ಅದನ್ನು ಹುಡುಕಬೇಕೆಂದು ಅವರೇ ಮುಂದಾಗಿ ಬರೆದಿಟ್ಟಿದ್ದರು. ಭವಿಷ್ಯ ಹೇಳುವವರಲ್ಲಿ ಈ ಗುಣ ಅಪೂರ್ವ.

ಲೆಕ್ಕವು ಕಾಗದದಲ್ಲಿಯೇ ಉಳಿಯಲಿಲ್ಲ. 1815ರಲ್ಲಿ ಜಾವಾ ದ್ವೀಪದ ಪೂರ್ವಕ್ಕಿರುವ ತಂಬೋರ ಜ್ವಾಲಾಮುಖಿ ಸಿಡಿದು ಅದರ ಬೂದಿ ಆಕಾಶವನ್ನು ಮುಸುಕಿದ್ದರಿಂದ 1816ರಲ್ಲಿ ಯೂರೋಪಿಗೆ ಬೇಸಗೆಯೇ ಬರಲಿಲ್ಲ. ವುರ್ಟೆಂಬರ್ಗಿನಲ್ಲಿ ಬೆಳೆ ಕೊಳೆತು ಕ್ಷಾಮ ತಲೆದೋರಿತು. ಕ್ಷಾಮಕ್ಕೆ ಕಾರಣ ಅಷ್ಟು ದೂರದ ಬೆಟ್ಟವೆಂಬುದನ್ನು ಅಂದಿನವರು ಅರಿಯರು. ಅಂತ್ಯಕಾಲದ ಕುರುಹೆಂದೇ ಹಲವರು ನಂಬಿದರು. ಸಂಕಟದ ದಿನಗಳಲ್ಲಿ ಆಶ್ರಯಸ್ಥಾನವು ಪೂರ್ವದಿಕ್ಕಿನಲ್ಲಿ ದೊರೆಯುವುದೆಂದು ನಂಬಿ, 1817ರಲ್ಲಿ ಸಾವಿರಾರು ಜನ ಮನೆ ಹೊಲಗಳನ್ನು ಮಾರಿ, ಹೆಂಡಿರು ಮಕ್ಕಳೊಡನೆ ಡ್ಯಾನ್ಯೂಬ್ ನದಿಯ ದಾರಿ ಹಿಡಿದು ದಕ್ಷಿಣ ರಷ್ಯಕ್ಕೂ ಕಾಕಸಸ್ ಪರ್ವತಗಳ ಕಡೆಗೂ ಹೊರಟರು. ದಾರಿಯಲ್ಲಿ ರೋಗದಿಂದ ಸತ್ತವರು ಅನೇಕರು. ಪ್ರಜೆಗಳು ಹೀಗೆ ಬರಿದಾಗುವುದನ್ನು ತಡೆಯಲೆಂದು ಅಲ್ಲಿಯ ದೊರೆಯು ಭಕ್ತಿಪಂಥದವರಿಗೆ ತಮ್ಮದೇ ಕಟ್ಟಳೆಯಲ್ಲಿ ಬಾಳಲು ಅವಕಾಶವಿತ್ತು, 1819ರಲ್ಲಿ ಕೋರ್ನ್‌ಟಾಲ್ ಎಂಬ ಊರು ಹುಟ್ಟಿತು. ಆಗ ನಮ್ಮ ಮೋಗ್ಲಿಂಗ್ ಎಂಟು ವರ್ಷದ ಬಾಲಕ.

ಮುಂದೆ ಅವರು ತ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗಮಾಡಿದರು. ಮಲೆಯಾಳದ ನಿಘಂಟುಕಾರರಾದ ಹರ್ಮನ್ ಗುಂಡರ್ಟರು ಅಲ್ಲಿಯ ಗೆಳೆಯರು. ಆಗ ಅಲ್ಲಿ ಬೋಧಿಸುತ್ತಿದ್ದ ತರುಣ ಪಂಡಿತ ಡೇವಿಡ್ ಸ್ಟ್ರಾಸ್ 1835ರಲ್ಲಿ ಯೇಸುವಿನ ಚರಿತ್ರೆಯನ್ನು ಪ್ರಕಟಿಸಿ, ಸುವಾರ್ತೆಗಳಲ್ಲಿರುವ ಪವಾಡಗಳೆಲ್ಲ ಭಕ್ತರ ಭಾವನೆಯಿಂದ ಹುಟ್ಟಿದ ಪುರಾಣಕಥೆಗಳೆಂದು ವಾದಿಸಿದರು. ಯೂರೋಪೆಲ್ಲ ಕೋಲಾಹಲವಾಯಿತು, ಸ್ಟ್ರಾಸರ ಉದ್ಯೋಗ ಹೋಯಿತು. ಒಂದೇ ಪ್ರಾಂತದಲ್ಲಿ, ಒಂದು ಕಡೆ ಲೋಕಾಂತ್ಯದ ದಿನಕ್ಕೆ ಬೆರಳು ಮಡಿಸುವ ರೈತರು, ಇನ್ನೊಂದು ಕಡೆ ಗ್ರಂಥದ ಬುಡವನ್ನೇ ಅಲ್ಲಾಡಿಸುವ ಪಂಡಿತರು. ಇವೆರಡರ ನಡುವೆ ನಿಂತ ಮೋಗ್ಲಿಂಗರು 1835ರಲ್ಲಿ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿದರು. ಜೂನ್ 18 ಬಂತು, ಹೋಯಿತು. ಸೂರ್ಯ ಮರುದಿನವೂ ಹುಟ್ಟಿದ. ಅದೇ 1836ರ ಕೊನೆಗೆ ಮೋಗ್ಲಿಂಗರು ಮಂಗಳೂರಿನಲ್ಲಿ ಹಡಗಿನಿಂದಿಳಿದರು.

ಮರುವರ್ಷವೇ, ಅಂದರೆ 1837ರಲ್ಲಿ, ನಮ್ಮ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ತಾಮಸ್ ಹಾಡ್‌ಸನ್ನರು ನೆಲೆಸಿದರು. 1839ರಲ್ಲಿ ಅಲ್ಲಿಗೆ ಬಂದ ಐರ್ಲೆಂಡಿನ ತರುಣ ವಿಲಿಯಂ ಆರ್ಥರ್ ಕಣ್ಣುಬೇನೆಯಿಂದ ಎರಡೇ ವರ್ಷಗಳಲ್ಲಿ ಹಿಂದಿರುಗಬೇಕಾಯಿತಾದರೂ, ಮೈಸೂರು ಸೀಮೆಯ ಅನುಭವಗಳ ಒಂದು ಪುಸ್ತಕವನ್ನು 1847ರಲ್ಲಿ ಪ್ರಕಟಿಸಿದರು. ನಾನು ಗುಬ್ಬಿಯವನಾದ್ದರಿಂದ ಈ ಮಾತನ್ನು ಬಿಡಲು ಮನಸ್ಸಾಗಲಿಲ್ಲ. ಇನ್ನು ಮೋಗ್ಲಿಂಗರ ವಿಷಯಕ್ಕೆ ಬರೋಣ.

ಅವರ ಬಾಳಿನಲ್ಲಿ ನನಗೆ ಬಹು ಸ್ವಾರಸ್ಯವೆನಿಸಿದ ಪ್ರಸಂಗ ನಡೆದುದು ಹುಬ್ಬಳ್ಳಿಯ ಸೀಮೆಯಲ್ಲಿ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೆಲಸ ಆರಂಭಿಸಿತು. ಆ ಕಡೆಯ ಹಳ್ಳಿಗಳಲ್ಲಿ ಕಾಲಜ್ಞಾನದವರೆಂಬ ಒಂದು ಪಂಗಡದ ಜನರಿದ್ದರು. ಅವರ ಬಳಿ ಇದ್ದ ಕಾಲಜ್ಞಾನದ ವಚನಗಳಲ್ಲಿ, ಹಳೆಯ ಪೂಜೆ ಪದ್ಧತಿಗಳೆಲ್ಲ ಕೆಟ್ಟು, ಪಶ್ಚಿಮದಿಂದ ಬರುವವರು ಸತ್ಯಧರ್ಮವನ್ನು ಬೋಧಿಸುವರೆಂಬ ಅರ್ಥದ ಮಾತುಗಳಿದ್ದುವು. ಬಿಳಿಯ ಬಣ್ಣದ ಈ ಬೋಧಕರನ್ನು ಕಂಡಾಗ, ಬರಬೇಕಾದವರು ಇವರೇ ಎಂದು ಅವರು ತಾವಾಗಿಯೇ ಹುಡುಕಿಕೊಂಡು ಬಂದರು. ಮೋಗ್ಲಿಂಗರೂ ಸಂಗಡಿಗರೂ ಆನಂದಭರಿತರಾದರು. ಊರೂರುಗಳೇ ತಮ್ಮ ಕಡೆಗೆ ತಿರುಗುವ ಕಾಲ ಬಂದಿತೆಂದು ನಂಬಿದರು. ಹೊಸದಾಗಿ ಸೇರುವವರಿಗೆ ಬೇಸಾಯದ ನೆಲೆಯಾಗಲೆಂದು ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ 1841ರಲ್ಲಿ ಒಂದು ವಸತಿಯನ್ನೂ ಸ್ಥಾಪಿಸಿದರು. ಆದರೆ ದೀಕ್ಷೆಯ ಮಾತು ಬಂದಾಗ, ಜಾತಿ ಬಿಡುವ ಮಾತು ಬಂದಾಗ, ಬಂದಿದ್ದ ಜನ ಹಿಂದಕ್ಕೆ ಸರಿದರು. ಅವರು ಕಾದಿದ್ದುದು ತಮ್ಮ ಕಾಲಜ್ಞಾನದಲ್ಲಿದ್ದ ರಾಜ್ಯಕ್ಕಾಗಿ. ಇವರು ಕೊಡಲು ಬಂದುದು ಬೇರೊಂದನ್ನು. ಮಲ್ಲಸಮುದ್ರದ ವಸತಿ ಎಣಿಸಿದಂತೆ ಬೆಳೆಯಲಿಲ್ಲ.

ಒಂದು ಜನಾಂಗದ ಭವಿಷ್ಯವಾಣಿ ಸುಳ್ಳಾದ ನಾಡಿನಿಂದ ಬಂದವರು ಇನ್ನೊಂದು ಜನಾಂಗದ ಭವಿಷ್ಯವಾಣಿಯಲ್ಲಿ ತಾವೇ ಪಾತ್ರಗಳಾಗಿ ನಿಂತರು! ಬೆಂಗೆಲ್ಲರ ಲೆಕ್ಕವನ್ನು ಕೈಬಿಟ್ಟವರಿಗೆ ಕಾಲಜ್ಞಾನದವರ ಆಸೆ ಎಷ್ಟು ಬೇಗ ನಿಜವೆಂದು ತೋರಿತು ನೋಡಿ. ನಮಗೆ ಅನುಕೂಲವಾದ ಪ್ರವಾದನೆಯನ್ನು ಸಂಶಯಿಸುವುದು ಎಲ್ಲರಿಗೂ ಕಷ್ಟ.

ಈ ವಿಷಯ ನಮಗೆ ದೂರದ್ದಲ್ಲ. ನಮ್ಮ ಜಿಲ್ಲೆಯ ಮನೆಗಳಲ್ಲಿ ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣದ ಹೆಸರು ತಿಳಿಯದವರು ವಿರಳ. ಅದರಲ್ಲಿ ಹನ್ನೆರಡನೆಯ ಶತಮಾನದ ಚೆನ್ನಬಸವಣ್ಣನು ಮುಂದೆ ಬರಲಿರುವ ರಾಜರನ್ನೂ ಶರಣರನ್ನೂ ಹೇಳುತ್ತ, ಕಡೆಗೆ ವೀರ ವಸಂತರಾಯನೆಂಬ ದೊರೆಯು ಬಂದು ಕಲ್ಯಾಣವನ್ನು ಮತ್ತೆ ಬೆಳಗುವನೆನ್ನುತ್ತಾನೆ. ಕೃತಿ ಮುಗಿದುದು 1584ರಲ್ಲಿ, ವಿಜಯನಗರ ಹಾಳಾದ ಮೇಲೆ. ಆದ್ದರಿಂದ ವಿಜಯನಗರದ ಅರಸರವರೆಗಿನ ಭಾಗ ಸರಿಯಾಗಿ ಒದಗುತ್ತದೆ. ವಸಂತರಾಯನು ಇನ್ನೂ ಬಂದಿಲ್ಲ. ಬೈಬಲಿನ ದಾನಿಯೇಲನ ಗ್ರಂಥದ ವಿಷಯದಲ್ಲಿಯೂ ಇದೇ ಮಾತನ್ನು ಮೂರನೆಯ ಶತಮಾನದ ಪೋರ್ಫಿರಿ ಎಂಬ ತತ್ತ್ವಜ್ಞನು ಎತ್ತಿದ್ದನು: ಬಾಬಿಲೋನಿನ ಕಾಲದ ಪ್ರವಾದನೆಯೆನ್ನುವ ಆ ಗ್ರಂಥ ನಿಜವಾಗಿ ಅಂತಿಯೋಕ ರಾಜನ ಹಿಂಸೆಯ ದಿನಗಳಲ್ಲಿ, ಅಂದರೆ ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ, ಬರೆದುದೆಂದು. ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಅವನ ಪಕ್ಷ. ನಾನೂ ಈ ವಿಷಯದಲ್ಲಿ ಪೋರ್ಫಿರಿಯ ಪಕ್ಷದವನೇ. ಆದರೂ ಸುಳ್ಳು ಬರೆದರೆಂದು ಮಾತ್ರ ಹೇಳಲಾರೆ. ರಾಜ್ಯ ಹೋಗಿ, ಗುಡಿ ಮುರಿದು, ಜನ ಕಂಗಾಲಾಗಿದ್ದಾಗ, ನಡೆದುದೆಲ್ಲವೂ ಒಬ್ಬನ ಅರಿವಿಗೆ ಬಂದೇ ನಡೆಯಿತೆಂದು ಹೇಳುವವನು ಜನರಿಗೆ ಊರುಗೋಲು ಕೊಡುತ್ತಾನೆ.

2020ರಲ್ಲಿ ಕೊರೋನ ರೋಗ ಬಂದು ಊರುಗಳೆಲ್ಲ ಬಾಗಿಲು ಹಾಕಿದಾಗ, ವೀರಬ್ರಹ್ಮೇಂದ್ರಸ್ವಾಮಿಗಳ ಕಾಲಜ್ಞಾನದಲ್ಲಿ ಇದು ಮೊದಲೇ ಇತ್ತೆಂಬ ಸಂದೇಶಗಳು ಮೊಬೈಲ್ ಫೋನುಗಳಲ್ಲಿ ಹರಿದಾಡಿದುವು. ಯಾಗಂಟಿಯ ಬಸವ ಬೆಳೆದು ಎದ್ದು ಕೂಗುವ ಕಾಲ ಬಂತೆಂದು ಕೆಲವರು, ಪ್ರಕಟನೆಯ ಮೃಗ ಬಂತೆಂದು ಕೆಲವರು. ಕುಣಿಗಲ್ಲಿನಲ್ಲಿರುವ ನನ್ನ ಸೋದರಮಾವ ಆ ವರ್ಷ ತೆಂಗಿನ ಸಸಿಗಳನ್ನು ತಂದು ಕೊಟ್ಟಿಗೆಯ ಪಕ್ಕದಲ್ಲಿ ಇರಿಸಿದವನು ನೆಡಲೇ ಇಲ್ಲ. ಫಲ ಬರಲು ಆರೇಳು ವರ್ಷ ಬೇಕು, ಅಷ್ಟರಲ್ಲಿ ಯಾರಿರುತ್ತಾರೆ ಎಂಬುದು ಅವನ ವಾದ. ಅಜ್ಜಿ ಅವನಿಗಿಂತ ಹೆಚ್ಚಾಗಿ ಕಾಲಜ್ಞಾನವನ್ನು ನಂಬಿದವಳು. ಎಡೆಯೂರಿನ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಅವಳೇ ಗುಂಡಿ ತೆಗೆಸಿ ನೆಡಿಸಿದಳು. ಸಸಿಗಳಲ್ಲಿ ನಾಲ್ಕು ಒಣಗಿದುವು, ಉಳಿದುವು ಈಗ ನನ್ನ ತಲೆಯನ್ನು ಮೀರಿವೆ. ಒಂದೇ ನಂಬಿಕೆ ಒಬ್ಬನ ಕೈ ಕಟ್ಟಿತು, ಇನ್ನೊಬ್ಬಳ ಕೈಗೆ ಹಾರೆ ಕೊಟ್ಟಿತು. ಅಂದಿನಿಂದ ನಾನು ಒಬ್ಬನ ನಂಬಿಕೆ ಏನೆಂದು ಕೇಳುವುದಕ್ಕಿಂತ, ನಂಬಿ ಅವನು ಏನು ಮಾಡಿದನೆಂದು ಹೆಚ್ಚು ವಿಚಾರಿಸುತ್ತೇನೆ.

ಮೋಗ್ಲಿಂಗರು ಮಾಡಿದುದೇನು? ಮಂಗಳೂರಿಗೆ ಹಿಂದಿರುಗಿ ಹುಡುಗರಿಗೆ ಪಾಠಶಾಲೆ ನಡೆಸಿದರು. 1843ನೆಯ ಇಸವಿ ಜುಲೈ 1ರಂದು ಕಲ್ಲಚ್ಚಿನಲ್ಲಿ ಮುದ್ರಿಸಿದ ಮಂಗಳೂರ ಸಮಾಚಾರ ಹೊರಬಂದಿತು. ಊರ ವರ್ತಮಾನ, ಸರಕಾರದ ಕಾನೂನು, ಅನ್ಯದೇಶಗಳ ಸುದ್ದಿ, ನೀತಿಕಥೆ, ಹಾಡು ಎಲ್ಲವೂ ಅದರಲ್ಲಿ ಇದ್ದುವು. ಮರುವರ್ಷ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂದು ಹೆಸರು ಪಡೆದು ಕೆಲವೇ ತಿಂಗಳಲ್ಲಿ ನಿಂತಿತು. ಅದೇ 1844ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಸಾವಿರಾರು ಅನುಯಾಯಿಗಳು ಕ್ರಿಸ್ತನ ಆಗಮನಕ್ಕೆ ರಾತ್ರಿಯೆಲ್ಲ ಕಾದು ಬೆಳಗಾದಮೇಲೆ ಅತ್ತರು. ಬೆಂಗೆಲ್ಲರ ಅನುಭವದಿಂದ ಅಲ್ಲಿಯವರು ಏನೂ ಕಲಿತಿರಲಿಲ್ಲ.

ಮೋಗ್ಲಿಂಗರ ಶಾಲೆಯ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ 1844ರಲ್ಲಿ ಕ್ರೈಸ್ತನಾದುದರಿಂದ ಮಂಗಳೂರಿನಲ್ಲಿ ದೊಡ್ಡ ಗೊಂದಲವೆದ್ದಿತು. ಆ ಮನೆಯವರ ದುಃಖವನ್ನು ನೆನೆದರೆ ಮೋಗ್ಲಿಂಗರ ಕಾರ್ಯವನ್ನೆಲ್ಲ ಕಣ್ಣು ಮುಚ್ಚಿ ಹೊಗಳಲು ನನ್ನಿಂದಾಗದು. ಆದರೆ ಅದೇ ಕೈ 1848ರಿಂದ ಮುಂದಕ್ಕೆ ಓಲೆಗರಿಗಳ ಕಟ್ಟುಗಳನ್ನು ಬಿಚ್ಚಿ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯನ್ನು ಆರಂಭಿಸಿತು. ಮದರಾಸಿನ ನಿವೃತ್ತ ನ್ಯಾಯಾಧೀಶರಾದ ಕ್ಯಾಸಮೇಜರ್ ಹಣ ಒದಗಿಸಿದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಅಚ್ಚು ಕಂಡುವು. ವೀರ ವಸಂತರಾಯನ ಭವಿಷ್ಯವಿರುವ ಆ ಚೆನ್ನಬಸವ ಪುರಾಣವೂ ಈ ಮಾಲೆಯಲ್ಲೇ ಹೊರಬಂದಿತು. ಹುಬ್ಬಳ್ಳಿಯ ಕಾಲಜ್ಞಾನದವರಿಂದ ನಿರಾಶರಾದವರು ಕನ್ನಡಿಗರ ಕಾಲಜ್ಞಾನವಿದ್ದ ಗ್ರಂಥವನ್ನೇ ಮುದ್ರಿಸಿದರು. ಅದನ್ನು ಬಾಸೆಲ್ ಮಿಷನ್ನಿನ ವ್ಯೂರ್ಥರು ಮುಂದೆ ಇಂಗ್ಲಿಷಿಗೂ ಭಾಷಾಂತರಿಸಿದರು.

ಆಮೇಲೆ ಕೊಡಗು. 1853ರಿಂದ ಅಲ್ಲಿ ನೆಲೆಸಿ, 1855ರಲ್ಲಿ ಕೊಡಗಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ, ಜೀತದಲ್ಲಿ ನವೆಯುತ್ತಿದ್ದ ಹೊಲೆಯರಿಗಾಗಿ ಆನಂದಪುರವನ್ನು ಕಟ್ಟಿದರು. ತ್ಯೂಬಿಂಗೆನ್ ವಿಶ್ವವಿದ್ಯಾನಿಲಯವು 1858ರಲ್ಲಿ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಕಿಟ್ಟೆಲ್ಲರನ್ನು ಕನ್ನಡದ ಕೆಲಸಕ್ಕೆ ಹುರಿದುಂಬಿಸಿದವರಲ್ಲಿ ಇವರೂ ಒಬ್ಬರು. 1860ರಲ್ಲಿ ದೇಹಾಲಸ್ಯದಿಂದ ಸ್ವದೇಶಕ್ಕೆ ಹೊರಟವರು ಮತ್ತೆ ಬರಲಿಲ್ಲ. ಅಲ್ಲಿದ್ದುಕೊಂಡೇ ದಾಸರ ಪದಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ತಂದರು.

1881ರಲ್ಲಿ ಎಸ್ಲಿಂಗೆನ್ ನಗರದಲ್ಲಿ ಮೋಗ್ಲಿಂಗರು ಕಾಲವಾದರು. ಆ ನಗರದಿಂದ ಕೆಲವೇ ಮೈಲಿಗಳಾಚೆ ಡೆಂಕೆಂಡೋರ್ಫ್ ಎಂಬ ಸಣ್ಣ ಊರಿದೆ. ಬೆಂಗೆಲ್ ಇಪ್ಪತ್ತೆಂಟು ವರ್ಷ ಹುಡುಗರಿಗೆ ಪಾಠ ಹೇಳುತ್ತ, 1836ರ ಲೆಕ್ಕವನ್ನು ಹಾಕಿದ ಮಠಶಾಲೆ ಇದ್ದುದು ಅಲ್ಲಿಯೇ.