ಹಸಿದ ಊರಿಗೆ ಉದ್ರಿ ರೊಟ್ಟಿ ಕೊಟ್ಟ ಮೇಯರ್: ನಮ್ಮ ಸೊಸೈಟಿಗಳ ಹಿಂದಿರುವ ರೈಫೈಸನ್

ಸೊಸೈಟಿಗೆ ಸಾಲ ಕೇಳಲು ಹೋದರೆ ಮೊದಲು ಎದುರಾಗುವ ಪ್ರಶ್ನೆ, ಜಾಮೀನು ಯಾರು ಅನ್ನೋದು. ಮಾಸ್ತರರೋ, ಪಕ್ಕದ ಅಂಗಡಿಯವರೋ, ಬೀಗರೋ, ಯಾರಾದರೂ ಬಂದು ಸಹಿ ಹಾಕಬೇಕು. ಬಹಳ ಮಂದಿಗೆ ಇದು ಕಿರಿಕಿರಿ. ಆದರೆ ಪತ್ತಿನ ಸಹಕಾರ ಸಂಘ ಎಂಬ ಇಡೀ ವ್ಯವಸ್ಥೆ ನಿಂತಿರೋದೇ ಆ ಸಹಿಯ ಮೇಲೆ. ಪತ್ತು ಅಂದರೇನೇ ನಂಬಿಕೆ. ಅಡವಿಡಲು ಏನೂ ಇಲ್ಲದ ಬಡವರ ನಂಬಿಕೆಯನ್ನೇ ಒಟ್ಟುಗೂಡಿಸಿ ರೊಕ್ಕ ಹುಟ್ಟಿಸಬಹುದು ಎಂದು ಮಾಡಿ ತೋರಿಸಿದವರು ಜರ್ಮನಿಯ ಹಳ್ಳಿಗಾಡಿನ ಒಬ್ಬ ಮೇಯರ್, ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್. ಅವರಿಗೂ ಗದಗ ತಾಲ್ಲೂಕಿನ ಕಣಗಿನಹಾಳಕ್ಕೂ ಒಂದು ನಂಟಿದೆ.

ರೈಫೈಸನ್ ಹುಟ್ಟಿದ್ದು 1818ರ ಮಾರ್ಚ್ 30ರಂದು, ಜೀಗ್ ನದಿ ದಂಡೆಯ ಹಾಮ್ ಎಂಬ ಸಣ್ಣ ಊರಲ್ಲಿ. ಒಂಬತ್ತು ಮಕ್ಕಳಲ್ಲಿ ಏಳನೆಯವರು. ತಂದೆ ಕೆಲವು ಕಾಲ ಅದೇ ಊರಿನ ಮೇಯರ್ ಆಗಿದ್ದರೂ ಮನೆಯಲ್ಲಿ ಅನುಕೂಲ ಇರಲಿಲ್ಲ. ಮಗನನ್ನು ದೊಡ್ಡ ಶಾಲೆಗೆ ಕಳಿಸೋದು ಆಗಲಿಲ್ಲ. ಊರಿನ ಪಾದ್ರಿಯವರೇ ಪಾಠ ಹೇಳಿಕೊಟ್ಟರು. 17ನೇ ವಯಸ್ಸಿಗೆ ಸೈನ್ಯದ ಫಿರಂಗಿ ದಳ ಸೇರಿದರು. ಅಲ್ಲಿ ಇನ್ನೇನು ಮೇಲೆ ಬರಬೇಕು ಅನ್ನುವಷ್ಟರಲ್ಲಿ ಕಣ್ಣಿನ ರೋಗ ಅಂಟಿಕೊಂಡಿತು. 1843ರಲ್ಲಿ ಸೈನ್ಯ ಬಿಟ್ಟು ಸರ್ಕಾರಿ ಕಚೇರಿಗೆ ಬಂದರು. ಆ ಕಣ್ಣಿನ ರೋಗ ಸಾಯುವ ತನಕ ಅವರನ್ನು ಬಿಡಲಿಲ್ಲ.

1845ರಲ್ಲಿ, ಇನ್ನೂ 26ರ ಹರೆಯದಲ್ಲಿ, ವೆಸ್ಟರ್‌ವಾಲ್ಡ್ ಗುಡ್ಡಗಾಡಿನ ವೇಯರ್‌ಬುಶ್‌ಗೆ ಮೇಯರ್ ಆದರು. ಮೇಯರ್ ಅಂದರೆ ನಮ್ಮ ಮಹಾನಗರ ಪಾಲಿಕೆಯ ಮೇಯರ್ ಅಲ್ಲ. ಇಪ್ಪತ್ತು ಚಿಲ್ಲರೆ ಹಳ್ಳಿಗಳನ್ನು ನೋಡಿಕೊಳ್ಳಲು ಸರ್ಕಾರ ನೇಮಿಸಿದ ಅಧಿಕಾರಿ. ಪಿಡಿಒ ಮತ್ತು ಉಪತಹಶೀಲ್ದಾರ್ ಇಬ್ಬರ ಕೆಲಸವನ್ನೂ ಒಬ್ಬರೇ ಮಾಡಿದರೆ ಹೇಗಿರುತ್ತೋ ಹಾಗೆ. ರೈಫೈಸನ್ ಬಂದವರೇ ಶಾಲೆ ಕಟ್ಟಿಸಿದರು, ರಸ್ತೆ ಮಾಡಿಸಲು ಓಡಾಡಿದರು. ರಸ್ತೆ ಇಲ್ಲದಿದ್ದರೆ ರೈತ ಬೆಳೆದ ಮಾಲು ಪೇಟೆ ಮುಟ್ಟೋದಿಲ್ಲ ಎಂಬುದು ಅವರ ಲೆಕ್ಕ.

ಅಷ್ಟರಲ್ಲಿ ಬರ ಬಂತು. ಆಲೂಗಡ್ಡೆಗೆ ರೋಗ, ಧಾನ್ಯದ ಬೆಳೆ ಕೈಕೊಟ್ಟಿತು. 1846-47ರ ಚಳಿಗಾಲ ಆ ಗುಡ್ಡಗಾಡಿಗೆ ಹಸಿವಿನ ಚಳಿಗಾಲ. ಸರ್ಕಾರವೇನೋ ತನ್ನ ಉಗ್ರಾಣದಿಂದ ಕಾಳು-ಹಿಟ್ಟು ಮಂಜೂರು ಮಾಡಿತು. ಜೊತೆಗೊಂದು ಷರತ್ತು: ನಗದು ಕೊಟ್ಟವರಿಗೆ ಮಾತ್ರ. ಹಸಿದವರ ಹತ್ತಿರ ನಗದು ಎಲ್ಲಿಂದ ಬರಬೇಕು? ಹಿಟ್ಟು ಊರಿಗೆ ಬಂದು ಬಿದ್ದಿದೆ, ತಿನ್ನುವವರು ಹೊರಗೆ ನಿಂತಿದ್ದಾರೆ. ಯುವ ಮೇಯರ್ ಆ ಆದೇಶವನ್ನು ಪಕ್ಕಕ್ಕಿಟ್ಟು, ಬರೆಸಿಕೊಂಡು ಉದ್ರಿ ಕೊಟ್ಟರು. ಆಮೇಲೆ ಊರಿನ ಉಳ್ಳವರನ್ನು ಕೂಡಿಸಿ ರೊಕ್ಕ ಎತ್ತಿದರು, ಇನ್ನಷ್ಟು ಧಾನ್ಯ ತರಿಸಿದರು, ಊರಲ್ಲೇ ಒಂದು ಒಲೆಮನೆ ಕಟ್ಟಿಸಿ ರೊಟ್ಟಿ ಸುಡಿಸಿದರು. ರೊಟ್ಟಿ ಅಂದರೆ ನಮ್ಮ ಜೋಳದ ರೊಟ್ಟಿಯಲ್ಲ. ಅಲ್ಲಿಯವರ ನಿತ್ಯದ ಊಟವಾದ ಬ್ರೆಡ್. ಪೇಟೆ ಧಾರಣೆಯ ಹೆಚ್ಚುಕಡಿಮೆ ಅರ್ಧಕ್ಕೆ, ಅದೂ ಸುಗ್ಗಿ ಆದ ಮೇಲೆ ಕೊಡುವ ಕರಾರಿನ ಮೇಲೆ. ಮುಂದಿನ ಹಂಗಾಮಿಗೆ ಬಿತ್ತನೆ ಬೀಜವನ್ನೂ ಅದೇ ರೀತಿ ಕೊಟ್ಟರು.

ಈ ಕೆಲಸದಲ್ಲಿ ಒಂದು ಸೂಕ್ಷ್ಮ ಇದೆ. ರೈಫೈಸನ್ ರೊಟ್ಟಿಯನ್ನು ದಾನ ಮಾಡಲಿಲ್ಲ, ಸಾಲವಾಗಿ ಕೊಟ್ಟರು. ತಿಂದವರು ಭಿಕ್ಷೆ ತಿಂದವರಾಗಲಿಲ್ಲ. ಅಂಗಡಿ ನಡೆಸುವವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ; ಉದ್ರಿ ಖಾತೆಯಲ್ಲಿ ಹೆಸರಿರುವ ಗಿರಾಕಿ ನಾಳೆಯೂ ತಲೆಯೆತ್ತಿ ಅಂಗಡಿಗೆ ಬರುತ್ತಾನೆ.

1848ರಲ್ಲಿ ಅವರಿಗೆ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗ ಆಯಿತು. ಅಲ್ಲಿನ ಕಾಟ ಬೇರೆ, ಅದು ದನದ ಸಾಲ. ಹಸು ಇಲ್ಲದಿದ್ದರೆ ಹಾಲಿಲ್ಲ, ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಹೊಲವಿಲ್ಲ. ಹಾಗಾಗಿ ರೈತ ವ್ಯಾಪಾರಿಯಿಂದ ಹಸುವನ್ನು ಸಾಲಕ್ಕೆ ತರುತ್ತಿದ್ದ. ಕರಾರು ಏನಂತ ಅವನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಒಂದು ಕಂತು ತಪ್ಪಿದರೆ ಹಸು ವಾಪಸ್, ಮೇಯಿಸಿದ್ದು ದಂಡ. ಹೀಗೆ ಎರಡು ಮೂರು ಸಲ ಆದರೆ ಹೊಲಮನೆಯೇ ಹೋಗುತ್ತಿತ್ತು. 1849ರ ಡಿಸೆಂಬರ್‌ನಲ್ಲಿ ರೈಫೈಸನ್ ಊರಿನ 60 ಸ್ಥಿತಿವಂತರನ್ನು ಸೇರಿಸಿ ಬಡ ರೈತರ ನೆರವಿನ ಸಂಘ ಕಟ್ಟಿದರು. ಆ 60 ಮಂದಿ ತಮ್ಮ ಆಸ್ತಿಯನ್ನೇ ಹೊಣೆಗೆ ಒಡ್ಡಿ ಹೊರಗಿಂದ ಸಾಲ ತಂದರು. ಆ ರೊಕ್ಕದಲ್ಲಿ ದನ ಕೊಂಡು ರೈತರಿಗೆ ಕೊಟ್ಟರು, ಐದು ವರ್ಷದ ಕಂತಿನ ಮೇಲೆ.

ಇಲ್ಲೇ ಒಂದು ಮಾತು ಹೇಳಬೇಕು. ಬಡ್ಡಿಯ ಕಾಟದ ಬಗ್ಗೆ ಬರೆಯುವಾಗ ರೈಫೈಸನ್ ಯಹೂದಿ ವ್ಯಾಪಾರಿಗಳನ್ನು ಇಡೀ ಜನಾಂಗವಾಗಿ ದೂರಿದ್ದುಂಟು. ಆ ಕಾಲದಲ್ಲಿ ಹಾಗೆ ಮಾತಾಡಿದವರು ಅವರೊಬ್ಬರೇ ಅಲ್ಲ ಎಂಬುದು ಸಮಾಧಾನದ ಮಾತಲ್ಲ. ಅವರ ಹೆಸರಿನ ಮೇಲೆ ಅದೊಂದು ಕಲೆ.

1852ರಲ್ಲಿ ನಾಯ್‌ವೀಡ್ ಪಟ್ಟಣದ ಪಕ್ಕದ ಹೆಡ್ಡೆಸ್‌ಡಾರ್ಫ್‌ಗೆ ಬಂದರು. 1854ರಲ್ಲಿ ಅಲ್ಲೊಂದು ಪರೋಪಕಾರಿ ಸಂಘ ಶುರುವಾಯಿತು. ಅನಾಥ ಮಕ್ಕಳನ್ನು ಸಾಕೋದು, ಜೈಲಿನಿಂದ ಬಿಟ್ಟುಬಂದವರಿಗೆ ಕೆಲಸ ಕೊಡಿಸೋದು, ಊರಿಗೊಂದು ಪುಸ್ತಕಾಲಯ, ರೈತರಿಗೆ ದನದ ಸಾಲ, ಎಲ್ಲವನ್ನೂ ಒಂದೇ ಸಂಘ ಹೊತ್ತುಕೊಂಡಿತು. ಕೇಳಲು ಚಂದ. ಆದರೆ ಕೊಡುವವರು ಬೇರೆ, ತಗೊಳ್ಳುವವರು ಬೇರೆ. ಕೊಡುವವರಿಗೆ ತಮ್ಮ ಆಸ್ತಿ ಮೇಲಿನ ಹೊಣೆ ವರ್ಷ ಕಳೆದಂತೆ ಭಾರವಾಯಿತು. ಒಬ್ಬೊಬ್ಬರಾಗಿ ಹಿಂದೆ ಸರಿದರು. ಸಂಘದ ಕೆಲಸಗಳೂ ಒಂದೊಂದಾಗಿ ನಿಂತು, ಕೊನೆಗೆ ಉಳಿದಿದ್ದು ಸಾಲ ಕೊಡುವ ಕೆಲಸ ಒಂದೇ. ಅದೂ ಕುಂಟುತ್ತಿತ್ತು.

ಹದಿನೈದು ವರ್ಷ ಉಳ್ಳವರ ಬಾಗಿಲು ತಟ್ಟಿದ ರೈಫೈಸನ್‌ಗೆ ಈ ಸೋಲು ಸುಲಭವಾಗಿ ಜೀರ್ಣ ಆಗಲಿಲ್ಲ. ಒಳ್ಳೆಯವರ ಒಳ್ಳೆಯತನದಿಂದಲೇ ಊರು ಉದ್ಧಾರ ಆಗುತ್ತೆ ಎಂದು ನಂಬಿದ್ದ ಧರ್ಮಭೀರು ಮನುಷ್ಯ ಅವರು. ಕೊನೆಗೆ ಮನಸ್ಸು ಬದಲಿಸಿದರು. 1864ರಲ್ಲಿ ಆ ಸಂಘದ ಜಾಗದಲ್ಲಿ ಹೆಡ್ಡೆಸ್‌ಡಾರ್ಫ್ ಸಾಲ ಸಂಘ ಬಂತು. ಹೊಸ ಕಟ್ಟಳೆ ಇಷ್ಟೇ: ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು, ಸದಸ್ಯನಾದವನು ಎಲ್ಲರ ಸಾಲಕ್ಕೂ ಹೊಣೆ.

ಆ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಷೇರಿನ ರೊಕ್ಕವಷ್ಟೇ ಹೋಗಿ ತಪ್ಪಿಸಿಕೊಳ್ಳುವಂತಿಲ್ಲ, ಮನೆ-ಹೊಲದ ತನಕ ಬರುತ್ತಿತ್ತು. ಈಗಿನವರಿಗೆ ಎದೆ ಝಲ್ ಅನ್ನಬಹುದು. ಆದರೆ ಅದರ ಕರಾಮತ್ತು ನೋಡಿ. ಒಬ್ಬ ಬಡ ರೈತನಿಗೆ ಪಟ್ಟಣದವರು ಸಾಲ ಕೊಡುತ್ತಿರಲಿಲ್ಲ. ಇಡೀ ಊರು ಒಟ್ಟಿಗೆ ಸಹಿ ಹಾಕಿ ನಿಂತರೆ ಕಡಿಮೆ ಬಡ್ಡಿಗೆ ಕೊಡಲು ಮುಂದೆ ಬರುತ್ತಿದ್ದರು. ಒಳಗೆ ಇನ್ನೊಂದು ಕೆಲಸವೂ ಆಗುತ್ತಿತ್ತು. ತನ್ನ ಹೊಲಕ್ಕೇ ಕುತ್ತು ಬರುತ್ತೆ ಅಂದಾಗ ಸಾಲ ತಗೊಂಡವನು ಹಸು ತಂದನೋ, ಸಾರಾಯಿ ಅಂಗಡಿಗೆ ಹೋದನೋ ಎಂದು ಊರೇ ಕಣ್ಣಿಟ್ಟು ನೋಡುತ್ತಿತ್ತು. ಅದಕ್ಕೇ ಸಂಘ ಒಂದು ಊರಿನ ಆಚೆ ಹಬ್ಬಬಾರದು ಎಂದು ರೈಫೈಸನ್ ಹಟ ಹಿಡಿದಿದ್ದು. ಪರಿಚಯ ಇಲ್ಲದವನ ಜಾಮೀನಿಗೆ ಬೆಲೆ ಇಲ್ಲ.

ಸಾಲ ಯಾಕೆ ಬೇಕು ಎಂದು ಹೇಳಲೇಬೇಕಿತ್ತು. ಹೇಳಿದ ಕೆಲಸಕ್ಕೆ ಬಳಸದಿದ್ದರೆ ವಾಪಸ್ ಕೇಳಬಹುದಿತ್ತು. ಆಡಳಿತ ಮಂಡಳಿಗೆ ಸಂಬಳವಿಲ್ಲ. ಲೆಕ್ಕ ಬರೆಯುವವನಿಗೆ ಮಾತ್ರ ಕೂಲಿ, ಆ ಲೆಕ್ಕಿಗನಿಗೆ ಮತ ಇಲ್ಲ, ಯಾರಿಗೆ ಸಾಲ ಎಂದು ತೀರ್ಮಾನಿಸುವ ಅಧಿಕಾರವೂ ಇಲ್ಲ. ಊರಿನವರು ಉಳಿಸಿದ ಚಿಲ್ಲರೆ ಕಾಸನ್ನೂ ಠೇವಣಿ ಇಡಬಹುದಿತ್ತು. ಬರಬರುತ್ತಾ ಸಂಘಗಳು ಬೀಜ, ಗೊಬ್ಬರವನ್ನು ಒಟ್ಟಿಗೆ ಖರೀದಿಸಿ ಹಂಚತೊಡಗಿದವು. ನಮ್ಮ ಸೊಸೈಟಿ ಗೋದಾಮಿನ ಮುಂದೆ ಮುಂಗಾರಿಗೆ ನಿಲ್ಲುವ ಪಾಳಿಯ ಮೂಲ ಅದು.

ಇನ್ನು ಲಾಭ. ಅದನ್ನು ಹಂಚುವಂತೆಯೇ ಇರಲಿಲ್ಲ. ಉಳಿದ ರೊಕ್ಕ ಒಂದು ಮೀಸಲು ನಿಧಿಗೆ ಹೋಗಬೇಕು, ಅದು ಯಾವತ್ತೂ ಯಾರ ಪಾಲಿಗೂ ಬರಬಾರದು. ಮೊದಲು ಅದು ನಷ್ಟ ತುಂಬಲು, ಬೆಳೆದ ಮೇಲೆ ಊರಿನ ಒಳಿತಿಗೆ. ಅನಾಥ ಮಕ್ಕಳು, ಪುಸ್ತಕಾಲಯ ಎಂಬ ಹಳೆಯ ಕನಸನ್ನು ರೈಫೈಸನ್ ಬಿಟ್ಟಿರಲಿಲ್ಲ. ಅದನ್ನು ಉಳ್ಳವರ ಜೇಬಿನಿಂದ ತೆಗೆದು ಸಾಲ ತಗೊಳ್ಳುವವರದೇ ಉಳಿತಾಯದ ಮೇಲೆ ಇಟ್ಟರು.

ಇಷ್ಟೆಲ್ಲ ಕಟ್ಟುವ ಹೊತ್ತಿಗೆ ಅವರ ಸ್ವಂತ ಬದುಕು ಕುಸಿಯುತ್ತಿತ್ತು. 1863ರಲ್ಲಿ ಹೆಂಡತಿ ಎಮಿಲಿ ತೀರಿಕೊಂಡರು. ಅವರಿಗೂ ವಿಷಮಶೀತ ಜ್ವರ ಬಂದು ಹೋಗಿತ್ತು, ಕಣ್ಣು ಪೂರ್ತಿ ಮಂಜಾಗುತ್ತಾ ಬಂದಿತ್ತು. 1865ರಲ್ಲಿ, 47ನೇ ವಯಸ್ಸಿಗೇ ನೌಕರಿ ಹೋಯಿತು. ಸಿಕ್ಕ ಪಿಂಚಣಿ ಮನೆ ನಡೆಸಲು ಸಾಲದು. ಊರೂರಿಗೆ ಸಾಲ ಸಂಘ ಕಟ್ಟಿಕೊಟ್ಟ ಮನುಷ್ಯ ಹೊಟ್ಟೆಪಾಡಿಗೆ ಚುಟ್ಟಾ ಕಾರ್ಖಾನೆ ಹಾಕಿದರು, ಅದು ಕೈಹತ್ತಲಿಲ್ಲ. ಆಮೇಲೆ ದ್ರಾಕ್ಷಾರಸದ ವ್ಯಾಪಾರ ಹಿಡಿದು ಹೇಗೋ ದಿನ ದೂಡಿದರು.

ಹಿರಿಯ ಮಗಳು ಅಮಾಲಿಯಾ ಅವರ ಕಣ್ಣಾದಳು. ಬಂದ ಪತ್ರ ಓದಿ ಹೇಳೋದು, ಅಪ್ಪ ಹೇಳಿದ್ದನ್ನು ಬರೆಯೋದು, ಲೆಕ್ಕಪತ್ರ, ಎಲ್ಲ ಅವಳದೇ. 1866ರಲ್ಲಿ ಹೊರಬಂದ ರೈಫೈಸನ್‌ರ ಪುಸ್ತಕ ಸಾಲ ಸಂಘ ಕಟ್ಟುವವರ ಕೈಪಿಡಿಯಾಗಿ ಮತ್ತೆ ಮತ್ತೆ ಅಚ್ಚಾಯಿತು. ದೇಶ-ವಿದೇಶದಿಂದ ಪತ್ರಗಳು ಬಂದವು. ಅವುಗಳ ಹಿಂದಿನ ದುಡಿಮೆಯಲ್ಲಿ ಅರ್ಧ ಈ ಮಗಳದು. ಅವಳು ಮದುವೆ ಆಗಲಿಲ್ಲ. ಊರಿನ ಹೊರೆ ಹೊರಲು ಹೊರಟವರ ಮನೆಯಲ್ಲಿ ಯಾರಾದರೊಬ್ಬರು ಹೀಗೆ ಹೆಗಲು ಕೊಟ್ಟಿರುತ್ತಾರೆ. ಪಟ ಹಾಕುವಾಗ ಅವರ ನೆನಪಾಗೋದು ಕಡಿಮೆ.

1870ರ ದಶಕ ಜಗಳದಲ್ಲೇ ಕಳೆಯಿತು. ಎದುರಾಳಿ ಸಾಮಾನ್ಯರಲ್ಲ. ಪಟ್ಟಣದ ಕುಶಲಕರ್ಮಿಗಳು, ಸಣ್ಣ ಅಂಗಡಿಕಾರರಿಗೆ ಸಹಕಾರಿ ಬ್ಯಾಂಕು ಕಟ್ಟಿಕೊಟ್ಟ, ಸಹಕಾರಿ ಕಾಯ್ದೆಗೇ ರೂಪ ಕೊಟ್ಟ ಹೆರ್ಮನ್ ಶುಲ್ಟ್ಸ-ಡೆಲಿಚ್. ನಮ್ಮ ಅರ್ಬನ್ ಬ್ಯಾಂಕುಗಳ ಮೂಲ ಮಾದರಿ ಅವರದು. ಅವರ ವಾದ: ಸದಸ್ಯರು ಷೇರು ಕೊಳ್ಳಬೇಕು, ಲಾಭದಲ್ಲಿ ಡಿವಿಡೆಂಡ್ ಸಿಗಬೇಕು, ಸಾಲ ಕೆಲವೇ ತಿಂಗಳಿಗೆ ಇರಬೇಕು, ಇಲ್ಲದಿದ್ದರೆ ಠೇವಣಿದಾರ ರೊಕ್ಕ ಕೇಳಿದ ದಿನ ಸಂಘ ಬಾಗಿಲು ಹಾಕುತ್ತೆ. ರೈಫೈಸನ್‌ರ ಉತ್ತರ: ಅಂಗಡಿಯವನ ರೊಕ್ಕ ತಿಂಗಳಲ್ಲಿ ತಿರುಗುತ್ತೆ, ರೈತನ ರೊಕ್ಕ ಸುಗ್ಗಿಗೆ ತಿರುಗುತ್ತೆ. ಹಸು ಕೊಂಡವನು ಮೂರು ತಿಂಗಳಲ್ಲಿ ಹೇಗೆ ತೀರಿಸಬೇಕು? ಖರೆ ಹೇಳಬೇಕೆಂದರೆ ಇಬ್ಬರ ಮಾತಿನಲ್ಲೂ ಹುರುಳಿತ್ತು. ಠೇವಣಿ ವಾಪಸ್ ಸಿಗದೆ ಬಾಗಿಲ ಮುಂದೆ ಕೂತವರ ಕಷ್ಟ ಕಂಡವರು ಶುಲ್ಟ್ಸ ಅವರ ಎಚ್ಚರಿಕೆಯನ್ನು ತಳ್ಳಿಹಾಕಲಾರರು.

ಕಾಯ್ದೆ ಶುಲ್ಟ್ಸ ಅವರ ಕಡೆಗಿತ್ತು. ಸಂಘಗಳೆಲ್ಲ ಸೇರಿ ಕಟ್ಟಿದ ಕೇಂದ್ರ ಬ್ಯಾಂಕನ್ನೂ ಕಾನೂನಿನ ಕಾರಣಕ್ಕೆ ಮುಚ್ಚಬೇಕಾಯಿತು. ರೈಫೈಸನ್ 1876ರಲ್ಲಿ ಅದನ್ನು ಷೇರು ಕಂಪನಿಯ ರೂಪದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಹಳ್ಳಿ ಸಂಘಗಳಲ್ಲಿಯೂ ಷೇರು ಇಡಲು ಒಪ್ಪಲೇಬೇಕಾಯಿತು. ಅದನ್ನು ಆದಷ್ಟು ಸಣ್ಣದಾಗಿ ಇಟ್ಟು, ಹಂಚದ ಮೀಸಲು ನಿಧಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಒಂದೂರಲ್ಲಿ ರೊಕ್ಕ ಹೆಚ್ಚಾದರೆ ಇನ್ನೊಂದೂರಿನ ಕೊರತೆ ತುಂಬಬೇಕು ಎಂಬುದು ಕೇಂದ್ರ ಬ್ಯಾಂಕಿನ ಲೆಕ್ಕ. ನಮ್ಮ ಡಿಸಿಸಿ ಬ್ಯಾಂಕುಗಳ ಕೆಲಸವೂ ಮೂಲದಲ್ಲಿ ಅದೇ.

1888ರ ಮಾರ್ಚ್ 11ರಂದು, 70 ತುಂಬಲು ಇನ್ನು ಮೂರು ವಾರವೂ ಇಲ್ಲದಿದ್ದಾಗ, ರೈಫೈಸನ್ ತೀರಿಕೊಂಡರು. ಆಗ ಅವರ ಮಾದರಿಯ ಸಂಘಗಳು ಜರ್ಮನಿಯಲ್ಲಿ 400 ದಾಟಿದ್ದವು.

ನಾಲ್ಕೇ ವರ್ಷಕ್ಕೆ ಅವರ ಹೆಸರು ಮದ್ರಾಸಿನಲ್ಲಿ ಕೇಳಿಬಂತು. ಸಾಹುಕಾರರ ಬಡ್ಡಿಯಲ್ಲಿ ಮುಳುಗಿದ್ದ ರೈತರಿಗೆ ಏನು ದಾರಿ ಎಂದು ನೋಡಿಬರಲು ಮದ್ರಾಸ್ ಸರ್ಕಾರ 1892ರಲ್ಲಿ ಫ್ರೆಡ್ರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. ಯುರೋಪಿನ ಸಂಘಗಳನ್ನೆಲ್ಲ ಅಭ್ಯಾಸ ಮಾಡಿ ಅವರು ಎರಡು ಸಂಪುಟದ ದೊಡ್ಡ ವರದಿ ಕೊಟ್ಟರು. ಅದರ ತಿರುಳು, ಕಾಯ್ದೆ-ಕಾನೂನಿಗಿಂತ ಮೊದಲು ಹಳ್ಳಿಹಳ್ಳಿಯಲ್ಲೂ ಒಬ್ಬ ರೈಫೈಸನ್‌ನನ್ನು ಹುಡುಕಬೇಕು ಎಂಬುದು. ವರದಿ ಕೆಲವು ವರ್ಷ ದೂಳು ತಿಂದಿತು. ಮಧ್ಯದಲ್ಲಿ ಭೀಕರ ಬರಗಳು ಬಂದು ಹೋದವು. ಕೊನೆಗೆ 1904ರ ಮಾರ್ಚ್‌ನಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂತು. ಹತ್ತು ಜನ ಸೇರಿದರೆ ಸಂಘ ಕಟ್ಟಬಹುದು. ಹಳ್ಳಿಯ ಸಂಘವಾದರೆ ಸದಸ್ಯರ ಹೊಣೆಗೆ ಮಿತಿ ಇಲ್ಲ. ಲಾಭ ಹಂಚುವಂತಿಲ್ಲ, ಮೊದಲು ಮೀಸಲು ನಿಧಿಗೆ ಹೋಗಬೇಕು. ತನ್ನ ದೇಶದಲ್ಲಿ ರೈಫೈಸನ್ ಅರ್ಧಕ್ಕರ್ಧ ಸೋತ ವಾದ ಇಲ್ಲಿ ಕಾಯ್ದೆಯಾಗಿ ಬಂದಿತ್ತು.

ಆ ಕಾಯ್ದೆಯಡಿ ಮುಂಬಯಿ ಪ್ರಾಂತ್ಯದಲ್ಲಿ ಮೊದಲು ನೋಂದಣಿಯಾದ ಹಳ್ಳಿ ಸಂಘ ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಗದಗ ತಾಲ್ಲೂಕಿನ ಕಣಗಿನಹಾಳದ್ದು. ದಿನಾಂಕ 1905ರ ಮೇ 8. ಊರಿನವರನ್ನು ಕೂಡಿಸಿ ಸಹಿ ಹಾಕಿಸಿದವರು, ಸಂಘದ ಮೊದಲ ಅಧ್ಯಕ್ಷರಾಗಿ ಹೊಣೆ ಹೊತ್ತವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು.