ಮೊಸರಿನ ವಿಜ್ಞಾನಿ ಮೆಚ್ನಿಕಾಫ್: ಪ್ರೊಬಯಾಟಿಕ್ ಮಾತ್ರೆಯಿಂದ ಬೊಜ್ಜಿದ್ದವರ ಚರ್ಮ ಸರಿಯಾಗುತ್ತದೆಯೇ?

ಮಳೆಗಾಲದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಮೈತೂಕ ಹೆಚ್ಚಿರುವವರಿಗೆ ತೊಡೆಸಂದು, ಹೊಟ್ಟೆಯ ಮಡಿಕೆಗಳಲ್ಲಿ ತುರಿಕೆ ಕಾಡುವುದೂ ಆಗಲೇ. ಪ್ರೊಬಯಾಟಿಕ್ ಮಾತ್ರೆ ನುಂಗಿದರೆ ಕರುಳು ಸರಿಯಾಗಿ ಚರ್ಮವೂ ಗುಣವಾಗುತ್ತದೆ ಎಂಬ ಫಾರ್ವರ್ಡ್ ಬಂದರೆ ನಂಬಬಹುದೇ? ಈ ಯೋಚನೆಯ ಮೂಲಪುರುಷನ ಬದುಕನ್ನೇ ನೋಡೋಣ.

ಎಲೀ ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಇಂದಿನ ಉಕ್ರೇನ್‌ನ ಖಾರ್ಕಿವ್ ಬಳಿ. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಸಣ್ಣ ಮುಳ್ಳು ಚುಚ್ಚಿದರು. ಮರುದಿನ ನೋಡಿದರೆ ಜೀವಕೋಶಗಳು ಆ ಮುಳ್ಳನ್ನು ಮುತ್ತಿಕೊಂಡಿದ್ದವು. ರೋಗಾಣುಗಳನ್ನು ನುಂಗುವ ಕೋಶಗಳು ನಮ್ಮ ದೇಹದಲ್ಲಿವೆ ಎಂಬ ತಿಳಿವಳಿಕೆಗೆ ಅಲ್ಲಿಂದ ದಾರಿಯಾಯಿತು. 1888ರಲ್ಲಿ ಅವರು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದರು. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಹಂಚಿಕೊಂಡರು.

ಅಷ್ಟರಲ್ಲಿ ಅವರ ಗಮನ ಮುಪ್ಪಿನ ಕಡೆ ಹೊರಳಿತ್ತು. ದೊಡ್ಡ ಕರುಳಿನಲ್ಲಿ ಆಹಾರ ಕೊಳೆತು ಹುಟ್ಟುವ ವಿಷವೇ ಮುಪ್ಪಿಗೆ ಕಾರಣ ಎಂದು ಭಾವಿಸಿದರು. ಬಲ್ಗೇರಿಯಾದ ಹಳ್ಳಿಗರ ದೀರ್ಘಾಯುಷ್ಯಕ್ಕೆ ಮೊಸರೇ ಕಾರಣವೆಂದು ನಂಬಿ, ತಾವೂ ದಿನವೂ ಹುಳಿ ಹಾಲು ಕುಡಿದರು. ಯುರೋಪಿನಲ್ಲಿ ಮೊಸರಿನ ಮಾತ್ರೆಗಳ ವ್ಯಾಪಾರ ಜೋರಾಯಿತು. ಮೆಚ್ನಿಕಾಫ್ ಮಾತ್ರ 1916ರಲ್ಲಿ, 71ನೇ ವಯಸ್ಸಿಗೆ, ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆ ಮೊಸರಿನ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲ ಎಂದು ಬಳಿಕದ ಪರೀಕ್ಷೆಗಳು ತೋರಿಸಿದವು.

ಕರುಳಿನ ಸೂಕ್ಷ್ಮಜೀವಿಗಳು ಆರೋಗ್ಯಕ್ಕೆ ಮುಖ್ಯ ಎಂಬ ಅವರ ಊಹೆ ಸರಿ. ಎಡವಿದ್ದು ಎಲ್ಲಿ? ಮುಳ್ಳಿನ ವಿಷಯದಲ್ಲಿ ಪ್ರಯೋಗ ಮಾಡಿ ನೋಡಿದ್ದರು. ಮೊಸರು ಆಯುಷ್ಯ ಹೆಚ್ಚಿಸುತ್ತದೆ ಎಂಬುದನ್ನು ಹಾಗೆ ಪರೀಕ್ಷಿಸುವ ಮೊದಲೇ ನಂಬಿದರು. ನಾವೂ ಅದೇ ತಪ್ಪು ಮಾಡಬಾರದು.

ಚರ್ಮದ ಹೊರಪದರ ನೀರನ್ನು ಒಳಗೆ ಹಿಡಿದಿಟ್ಟು ರೋಗಾಣುಗಳನ್ನು ಹೊರಗಿಡುವ ಗೋಡೆ. ಬೊಜ್ಜಿದ್ದವರಲ್ಲಿ ಮಡಿಕೆಗಳ ಉಜ್ಜಾಟ, ಬೆವರು, ತೇವ ಸೇರಿ ಆ ಗೋಡೆಯನ್ನು ಸಡಿಲಿಸುತ್ತವೆ. ಅಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಪ್ರೊಬಯಾಟಿಕ್ ಮಾತ್ರೆ ಇದನ್ನು ಗುಣಪಡಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಇನ್ನೊಂದು ಚರ್ಮರೋಗವಾದ ಎಕ್ಜಿಮಾ ಬಗ್ಗೆ 39 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ಪರಿಶೀಲನೆಯಲ್ಲೂ, ಈಗಿನ ಪ್ರೊಬಯಾಟಿಕ್‌ಗಳಿಂದ ರೋಗಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಏನು ಮಾಡಬೇಕು?

• ಸ್ನಾನದ ಬಳಿಕ ಮಡಿಕೆಗಳನ್ನು ಚೆನ್ನಾಗಿ ಒರೆಸಿ, ಪೂರ್ತಿ ಒಣಗಿದ ಹತ್ತಿ ಬಟ್ಟೆ ಧರಿಸಿ.
• ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ಶಿಲೀಂಧ್ರ ಸೋಂಕು ಇನ್ನಷ್ಟು ಹರಡಬಹುದು.
• ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಕೊಳೆಯೆಂದು ಉಜ್ಜಬೇಡಿ, ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

ಊಟಕ್ಕೆ ಮಜ್ಜಿಗೆ ಇರಲಿ, ಅದು ಒಳ್ಳೆಯ ಆಹಾರ. ಆದರೆ ತುರಿಕೆಗೆ ಔಷಧಿಯಲ್ಲ. ಆ ಫಾರ್ವರ್ಡ್ ಕಳಿಸಿದವರಿಗೆ ಇದನ್ನೂ ಕಳಿಸಿ.